ಟೆಸ್ಟ್‌ಗಳೆಲ್ಲ ಪಾಸ್ ಆಗುತ್ತಿವೆ, ಬಗ್‌ಗಳೂ ಪ್ರಾಡಕ್ಷನ್‌ಗೆ ಹೋಗುತ್ತಿವೆ: ಎಐ ಬರೆದ ಟೆಸ್ಟ್‌ಗಳನ್ನು ಎಷ್ಟು ನಂಬಬಹುದು?

ಹಸಿರುಗುರುತು (ಚರ್ಚೆ ಆರಂಭಿಸಿದವರು)

ನಮ್ಮ ತಂಡದಲ್ಲಿ ಕೆಲವು ತಿಂಗಳುಗಳಿಂದ ಯೂನಿಟ್ ಟೆಸ್ಟ್ (ಕೋಡಿನ ಒಂದೊಂದು ಸಣ್ಣ ಭಾಗವನ್ನೂ ಪರೀಕ್ಷಿಸುವ ಕೋಡ್) ಬರೆಯುವ ಕೆಲಸವನ್ನು ಬಹುಮಟ್ಟಿಗೆ ಎಐ ಸಹಾಯಕಕ್ಕೆ ಒಪ್ಪಿಸಲಾಗಿದೆ. ಮೊದಲು ಅರ್ಧಕ್ಕಿಂತ ಕಡಿಮೆಯಿದ್ದ ಕೋಡ್ ಕವರೇಜ್ (ಟೆಸ್ಟ್‌ಗಳು ಓಡಿಸುವ ಕೋಡಿನ ಪಾಲು) ಈಗ ಶೇಕಡ 90ನ್ನು ದಾಟಿದೆ, ಬಿಲ್ಡ್ ಪ್ರತಿ ಸಲವೂ ಹಸಿರಾಗಿಯೇ, ಅಂದರೆ ಎಲ್ಲ ಟೆಸ್ಟ್ ಪಾಸ್ ಆಗಿಯೇ, ಮುಗಿಯುತ್ತದೆ, ಮ್ಯಾನೇಜರ್ ಆ ಸಂಖ್ಯೆಯನ್ನು ಪ್ರತಿ ಸಭೆಯಲ್ಲೂ ತೋರಿಸುತ್ತಾರೆ. ಆದರೆ ಕಳೆದ ರಿಲೀಸ್‌ನಲ್ಲಿ ಒಂದು ಬಗ್ ಪ್ರಾಡಕ್ಷನ್, ಅಂದರೆ ಗ್ರಾಹಕರು ಬಳಸುವ ಆವೃತ್ತಿಯನ್ನು, ತಲುಪಿತು. ರಿಯಾಯಿತಿಯಲ್ಲಿ ಕೊಂಡ ಹಲವು ವಸ್ತುಗಳ ಪೈಕಿ ಒಂದನ್ನು ಮಾತ್ರ ಗ್ರಾಹಕರು ಹಿಂದಿರುಗಿಸಿದರೆ, ರಿಯಾಯಿತಿಯನ್ನು ಕಳೆಯದೆ ಪೂರ್ಣ ಬೆಲೆಯನ್ನೇ ಮರುಪಾವತಿ ಮಾಡಲಾಗುತ್ತಿತ್ತು. ಹುಡುಕಿ ನೋಡಿದಾಗ ಕಂಡದ್ದು ಇನ್ನೂ ವಿಚಿತ್ರವಾಗಿತ್ತು. ಆ ಸನ್ನಿವೇಶಕ್ಕೆ ಟೆಸ್ಟ್ ಇತ್ತು, ಅದರ ಹೆಸರೂ ಸ್ಪಷ್ಟವಾಗಿತ್ತು, ಆದರೆ ನಿರೀಕ್ಷಿತ ಮೊತ್ತವೆಂದು ಅದರಲ್ಲಿ ಬರೆದಿದ್ದದ್ದು ಆ ತಪ್ಪು ಮೊತ್ತವನ್ನೇ.

ಈಗ ಪರೀಕ್ಷಾ ತಂಡವನ್ನು ಚಿಕ್ಕದು ಮಾಡುವ ಮಾತು ಕೇಳಿಬರುತ್ತಿದೆ. ನಾನು ಎಐ ವಿರೋಧಿಯಲ್ಲ. ಬೇಸರದ ಕೆಲಸ ಕಡಿಮೆಯಾದದ್ದು ನನಗೂ ಸಂತೋಷವೇ. ಆದರೆ ಇಂಥ ಟೆಸ್ಟ್‌ಗಳು ನಿಜವಾಗಿ ಏನನ್ನು ಪರೀಕ್ಷಿಸುತ್ತಿವೆ ಎಂಬುದನ್ನು ಅಳೆಯಲು ಕವರೇಜ್ ಬಿಟ್ಟು ಬೇರೆ ಯಾವ ಮಾನದಂಡವಿದೆ, ಮತ್ತು ಈ ಬಗೆಯ ತಪ್ಪನ್ನು ತಡೆಯಲು ನಿಮ್ಮ ತಂಡಗಳಲ್ಲಿ ಏನು ಮಾಡುತ್ತಿದ್ದೀರಿ ಎಂದು ತಿಳಿಯಬೇಕಾಗಿದೆ.

ಗಡಿಮೌಲ್ಯ

ಹಸಿರುಗುರುತು ಅವರೇ, ನಿಮ್ಮ ಟೆಸ್ಟ್ ತನಗೆ ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಕೋಡನ್ನು ಮುಂದಿಟ್ಟು "ಇದಕ್ಕೆ ಟೆಸ್ಟ್ ಬರೆ" ಎಂದು ಕೇಳಿದಾಗ ಎಐ ಮಾದರಿಗೆ ಸಿಗುವ ಏಕೈಕ ಆಧಾರ ಆ ಕೋಡೇ. ಕೋಡ್ ಏನು ಮಾಡುತ್ತದೆ ಎಂಬುದನ್ನು ಅದು ಓದಬಲ್ಲದು. ಏನು ಮಾಡಬೇಕಾಗಿತ್ತು ಎಂಬುದು ಅದಕ್ಕೆ ಎಲ್ಲಿಂದ ತಿಳಿಯಬೇಕು? ನಮ್ಮ ಕ್ಷೇತ್ರದಲ್ಲಿ ಇದನ್ನು ಟೆಸ್ಟ್ ಆರಕಲ್ ಸಮಸ್ಯೆ ಎನ್ನುತ್ತಾರೆ. ಒಂದು ಔಟ್‌ಪುಟ್ ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಆಧಾರವೇ ಆರಕಲ್. ಅಂಥ ಆಧಾರ ಸಿಗದ ಪ್ರೋಗ್ರಾಂಗಳನ್ನು ಹೇಗೆ ಪರೀಕ್ಷಿಸಬೇಕೆಂದು ಎಲೇನ್ ವೇಯೂಕರ್ 1982ರಷ್ಟು ಹಿಂದೆಯೇ ಬರೆದಿದ್ದರು.

ಇದು ಭಾಷಾ ಮಾದರಿಗಳೊಂದಿಗೆ ಬಂದ ಹೊಸ ರೋಗವೂ ಅಲ್ಲ. 2011ರಲ್ಲಿ ಬಂದ ಇವೊಸೂಟ್ ಎಂಬ ಉಪಕರಣ ಜಾವಾ ಕ್ಲಾಸ್‌ಗಳಿಗೆ ತಾನಾಗಿಯೇ ಟೆಸ್ಟ್ ತಯಾರಿಸುತ್ತಿತ್ತು, ಮತ್ತು ಅದರ ಅಸರ್ಷನ್‌ಗಳೂ (ಉತ್ತರ ಇಂಥದ್ದೇ ಇರಬೇಕೆಂದು ಹೇಳುವ ಸಾಲುಗಳು) ಕೋಡಿನ ಆಗಿನ ವರ್ತನೆಯನ್ನೇ ದಾಖಲಿಸುತ್ತಿದ್ದವು. ಒಂದು ವ್ಯತ್ಯಾಸವಿದೆ. ಆ ಟೆಸ್ಟ್‌ಗಳನ್ನು ಓದಿದರೆ ಯಂತ್ರ ಬರೆದದ್ದೆಂದು ಕೂಡಲೇ ಗೊತ್ತಾಗುತ್ತಿತ್ತು. ವೇರಿಯಬಲ್ ಹೆಸರುಗಳೇ ಅದನ್ನು ಹೇಳುತ್ತಿದ್ದವು. ಈಗಿನ ಮಾದರಿಗಳು ಟೆಸ್ಟ್‌ಗೆ ಅಚ್ಚುಕಟ್ಟಾದ ಹೆಸರು ಕೊಟ್ಟು, ಮೇಲೊಂದು ವಿವರಣೆಯನ್ನೂ ಬರೆಯುವುದರಿಂದ, ಯಾರೋ ಅವಶ್ಯಕತೆಗಳನ್ನು ಓದಿ ಯೋಚಿಸಿ ಬರೆದಿದ್ದಾರೆಂಬ ಭಾವನೆ ಹುಟ್ಟುತ್ತದೆ. ರಿವ್ಯೂ ಮಾಡುವವರು ಮೋಸಹೋಗುವುದು ಅಲ್ಲಿ.

ನಾನು ಸೂಚಿಸುವುದು ಒಂದೇ ಕ್ರಮ: ಫಂಕ್ಷನ್‌ನ ಒಳಗಿನ ಕೋಡನ್ನು ಮಾದರಿಗೆ ತೋರಿಸಬೇಡಿ. ಅದರ ಹೆಸರು, ಇನ್‌ಪುಟ್, ಔಟ್‌ಪುಟ್‌ಗಳ ವಿಧ ಮತ್ತು ಅವಶ್ಯಕತೆಯ ಪಠ್ಯ ಇಷ್ಟನ್ನೇ ಕೊಟ್ಟು ಟೆಸ್ಟ್ ಬರೆಸಿ. ಆಗ ಹಲವು ಟೆಸ್ಟ್‌ಗಳು ಫೇಲ್ ಆಗುತ್ತವೆ, ಕೆಲವು ಮಾದರಿಯ ತಪ್ಪಿನಿಂದ, ಕೆಲವು ನಿಮ್ಮ ಕೋಡಿನ ತಪ್ಪಿನಿಂದ. ಆ ಎರಡನ್ನು ಬೇರ್ಪಡಿಸುವ ಕೆಲಸವೇ ಈಗ ಪರೀಕ್ಷಕರ ಕೆಲಸ.

ಶೂನ್ಯಸೂಚಕ

ನಾನು ಡೆವಲಪರ್, ಆದ್ದರಿಂದ ಎದುರು ಪಕ್ಷದ ವಾದವನ್ನೂ ಯಾರಾದರೂ ಮಂಡಿಸಬೇಕಲ್ಲ. ಈಗಿರುವ ವರ್ತನೆಯನ್ನು ದಾಖಲಿಸುವ ಟೆಸ್ಟ್‌ಗಳನ್ನು ಇಷ್ಟು ಹಗುರವಾಗಿ ಕಾಣುವುದು ಸರಿಯಲ್ಲ. ಹತ್ತು ವರ್ಷ ಹಳೆಯದಾದ, ಬರೆದವರೆಲ್ಲ ಬಿಟ್ಟುಹೋದ, ಒಂದು ಟೆಸ್ಟ್ ಕೂಡ ಇಲ್ಲದ ಕೋಡನ್ನು ಮುಟ್ಟಬೇಕಾಗಿ ಬಂದಾಗ, ಅದು ಇಂದು ಏನು ಮಾಡುತ್ತಿದೆಯೋ ನಾಳೆಯೂ ಅದನ್ನೇ ಮಾಡುತ್ತದೆ ಎಂಬ ಖಾತ್ರಿ ಸಿಕ್ಕರೆ ಸಾಕು. ಅಂಥ ರಿಗ್ರೆಷನ್ ಟೆಸ್ಟ್‌ಗಳನ್ನು ಬರೆಯುವುದು ಮನುಷ್ಯರಿಗೆ ಶಿಕ್ಷೆಯಂಥ ಕೆಲಸವಾಗಿತ್ತು, ಹಾಗಾಗಿ ಯಾರೂ ಬರೆಯುತ್ತಿರಲಿಲ್ಲ. ಈಗ ಅದು ಸಂಜೆಯೊಳಗೆ ಮುಗಿಯುತ್ತದೆ.

ಇನ್ನು, ಎಐ ಬರುವ ಮುಂಚೆ ಡೆವಲಪರ್‌ಗಳು ಟೆಸ್ಟ್ ಬರೆಯುತ್ತಿದ್ದ ಬಗೆಯನ್ನು ಪ್ರಾಮಾಣಿಕವಾಗಿ ನೆನಪಿಸಿಕೊಳ್ಳೋಣ. ಪ್ರೋಗ್ರಾಂ ಓಡಿಸಿ, ಬಂದ ಉತ್ತರವನ್ನು ನಕಲು ಮಾಡಿ, ನಿರೀಕ್ಷಿತ ಮೌಲ್ಯದ ಜಾಗದಲ್ಲಿ ಅಂಟಿಸುವುದು ಎಷ್ಟು ತಂಡಗಳಲ್ಲಿ ನಡೆಯುತ್ತಿರಲಿಲ್ಲ?

ಅಲ್ಪವಿರಾಮ

ಅಸರ್ಷನ್ ಒಂದೂ ಇಲ್ಲದ ಟೆಸ್ಟ್‌ಗಳಿಂದಲೂ ಶೇಕಡ 100 ಕವರೇಜ್ ಪಡೆಯಬಹುದು ಎಂಬುದನ್ನು ಆ ಮ್ಯಾನೇಜರ್‌ಗೆ ಯಾರಾದರೂ ತಿಳಿಸಿದ್ದಾರೆಯೇ?

ಮರುಓಟ

ಕವರೇಜ್ ಬಿಟ್ಟು ಬೇರೆ ಮಾನದಂಡ ಯಾವುದು ಎಂಬ ಪ್ರಶ್ನೆಗೆ ನೇರ ಉತ್ತರವಿದೆ: ಮ್ಯುಟೇಷನ್ ಟೆಸ್ಟಿಂಗ್. ಕೋಡಿನಲ್ಲಿ ಬೇಕೆಂದೇ ಸಣ್ಣ ತಪ್ಪುಗಳನ್ನು ಮಾಡಲಾಗುತ್ತದೆ. ಉದಾಹರಣೆಗೆ "ಹೆಚ್ಚು" ಎಂಬ ಹೋಲಿಕೆಯನ್ನು "ಹೆಚ್ಚು ಅಥವಾ ಸಮ" ಎಂದು ತಿರುಗಿಸಲಾಗುತ್ತದೆ, ಕೂಡುವುದನ್ನು ಕಳೆಯುವುದಾಗಿ ಬದಲಿಸಲಾಗುತ್ತದೆ, ಒಂದು ಸಾಲನ್ನೇ ತೆಗೆಯಲಾಗುತ್ತದೆ. ಪ್ರತಿ ಬದಲಾವಣೆಯ ನಂತರ ಟೆಸ್ಟ್‌ಗಳನ್ನು ಓಡಿಸಿದಾಗ ಒಂದಾದರೂ ಫೇಲ್ ಆಗಬೇಕು. ಯಾವುದೂ ಫೇಲ್ ಆಗದಿದ್ದರೆ, ಆ ಸಾಲನ್ನು ನಿಮ್ಮ ಟೆಸ್ಟ್‌ಗಳು ಹಾದುಹೋಗಿವೆಯೇ ಹೊರತು ಪರೀಕ್ಷಿಸಿಲ್ಲ ಎಂದು ಅರ್ಥ. ಈ ಆಲೋಚನೆ 1970ರ ದಶಕದ್ದು. ಜಾವಾಕ್ಕೆ ಪಿಟ್, ಜಾವಾಸ್ಕ್ರಿಪ್ಟ್‌ಗೆ ಸ್ಟ್ರೈಕರ್ ಎಂಬ ಉಪಕರಣಗಳು ಬಹಳ ಕಾಲದಿಂದ ಉಚಿತವಾಗಿ ಸಿಗುತ್ತಿವೆ.

ದೊಡ್ಡ ಸಂಸ್ಥೆಗಳಲ್ಲಿ ಎಐ ಟೆಸ್ಟ್‌ಗಳು ಕೆಲಸ ಮಾಡುತ್ತಿವೆ ಎಂಬುದನ್ನೂ ಹೇಳಬೇಕು. ಮೆಟಾ 2024ರಲ್ಲಿ ಪ್ರಕಟಿಸಿದ ಟೆಸ್ಟ್‌ಜೆನ್ ಎಲ್‌ಎಲ್‌ಎಂ ಎಂಬ ಉಪಕರಣದ ಬಗೆಗಿನ ಪ್ರಬಂಧದ ಪ್ರಕಾರ, ಎಐ ಬರೆದ ಟೆಸ್ಟ್‌ಗಳಲ್ಲಿ ಶೇಕಡ 73ರಷ್ಟನ್ನು ಅಲ್ಲಿನ ಇಂಜಿನಿಯರ್‌ಗಳು ಒಪ್ಪಿಕೊಂಡರು.

ದಾಖಲೆಪ್ರಿಯ

ಮರುಓಟ ಅವರ ಕೊನೆಯ ವಾಕ್ಯಕ್ಕೆ ಒಂದು ತಿದ್ದುಪಡಿ ಬೇಕು. ಆ ಶೇಕಡ 73 ಎಂಬುದು ಮಾದರಿ ಬರೆದ ಎಲ್ಲ ಟೆಸ್ಟ್‌ಗಳ ಪಾಲಲ್ಲ. ಹಲವು ಜರಡಿಗಳನ್ನು ದಾಟಿ ಇಂಜಿನಿಯರ್‌ಗಳ ಮುಂದೆ ಬಂದ ಶಿಫಾರಸುಗಳ ಪಾಲು. ಇನ್‌ಸ್ಟಾಗ್ರಾಮ್‌ನ ರೀಲ್ಸ್ ಮತ್ತು ಸ್ಟೋರೀಸ್ ಮೇಲೆ ನಡೆಸಿದ ಮೌಲ್ಯಮಾಪನದಲ್ಲಿ ಮಾದರಿ ಬರೆದ ಟೆಸ್ಟ್ ಕೇಸ್‌ಗಳ ಪೈಕಿ ಶೇಕಡ 75 ಸರಿಯಾಗಿ ಬಿಲ್ಡ್ ಆದವು, ಶೇಕಡ 57 ವಿಶ್ವಾಸಾರ್ಹವಾಗಿ ಪಾಸ್ ಆದವು, ಕವರೇಜ್ ಹೆಚ್ಚಿಸಿದ್ದು ಶೇಕಡ 25 ಮಾತ್ರ.

ಈ ಚರ್ಚೆಗೆ ಹೆಚ್ಚು ಮುಖ್ಯವಾದದ್ದು ಆ ಎರಡನೆಯ ಜರಡಿ. ಟೆಸ್ಟ್ ಪಾಸ್ ಆಗದಿದ್ದರೆ ಅದನ್ನು ಎಸೆಯಲಾಗುತ್ತದೆ. ಅಂದರೆ, ಮಾದರಿಯು ಆಕಸ್ಮಿಕವಾಗಿ ಸರಿಯಾದ ನಿರೀಕ್ಷೆಯನ್ನು ಬರೆದು ಆ ಮೂಲಕ ನಿಜವಾದ ಬಗ್ ಒಂದನ್ನು ಹಿಡಿದಿದ್ದರೆ, ಆ ಟೆಸ್ಟ್ ಕಸದ ಬುಟ್ಟಿಗೆ ಹೋಗುತ್ತದೆ. ಮುಂದಿನ ರಿಗ್ರೆಷನ್ (ಸರಿಯಿದ್ದದ್ದು ಕೆಡುವುದು) ತಡೆಯುವುದೇ ಗುರಿಯಾಗಿದ್ದ ಅವರಿಗೆ ಅದು ತಿಳಿದೇ ಮಾಡಿಕೊಂಡ ಆಯ್ಕೆ. ಆದರೆ ಅದೇ ವಿನ್ಯಾಸವನ್ನು ನಕಲು ಮಾಡಿ "ಬಗ್ ಹುಡುಕುವ ಎಐ" ಎಂದು ಮಾರುವವರಿದ್ದಾರೆ. ಹಸಿರುಗುರುತು ಅವರೇ, ನಿಮ್ಮ ಉಪಕರಣವು ಫೇಲ್ ಆದ ಟೆಸ್ಟನ್ನು ನಿಮಗೆ ತೋರಿಸುತ್ತದೆಯೋ, ಅಥವಾ ಪಾಸ್ ಆಗುವ ತನಕ ತಾನೇ ತಿದ್ದಿಕೊಳ್ಳುತ್ತದೆಯೋ ಎಂಬುದನ್ನು ಮೊದಲು ನೋಡಿ.

ಹಸಿರುಗುರುತು

ಈಗಷ್ಟೇ ಲಾಗ್ ತೆಗೆದು ನೋಡಿದೆ. ಪಾಸ್ ಆಗುವ ತನಕ ತಿದ್ದಿಕೊಳ್ಳುತ್ತದೆ. ಆ ಮರುಪಾವತಿ ಟೆಸ್ಟ್‌ನ ಮೊದಲ ಆವೃತ್ತಿಯಲ್ಲಿ ಮೊತ್ತ ಸರಿಯಾಗಿಯೇ ಇತ್ತು. ಅದು ಫೇಲ್ ಆದದ್ದರಿಂದ ಉಪಕರಣ "ನಿರೀಕ್ಷಿತ ಮೌಲ್ಯವನ್ನು ಸರಿಪಡಿಸಲಾಗಿದೆ" ಎಂಬ ಟಿಪ್ಪಣಿಯೊಂದಿಗೆ ಅದನ್ನು ಬದಲಿಸಿದೆ.

ಅಲ್ಪವಿರಾಮ

ಬಗ್ ಸಿಕ್ಕಿತ್ತು, ಉಪಕರಣವೇ ಅದನ್ನು ಮುಚ್ಚಿಟ್ಟಿತು. ಮನುಷ್ಯರನ್ನು ನೋಡಿಯೇ ಕಲಿತಿದೆ ಎನ್ನಲು ಇದಕ್ಕಿಂತ ಪುರಾವೆ ಬೇಕೇ?

ಬೇಲಿಗೂಟ

ಇದಕ್ಕೆ ನಾವು ಹಾಕಿಕೊಂಡಿರುವ ನಿಯಮ ಕಠಿಣವಾದದ್ದು. ಕೋಡನ್ನು ತಾನೇ ಬದಲಿಸುವ ಎಐ ಏಜೆಂಟ್‌ಗೆ ಟೆಸ್ಟ್ ಕಡತಗಳನ್ನು ಓದುವ ಅನುಮತಿಯಿದೆ, ಬದಲಿಸುವ ಅನುಮತಿಯಿಲ್ಲ. ಅಸರ್ಷನ್ ಬದಲಾಗಲೇಬೇಕಾದರೆ ಅದು ಬೇರೆಯೇ ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸುವ ಕೋರಿಕೆ) ಆಗಿ ಬರಬೇಕು, ಏಕೆ ಬದಲಾಯಿತು ಎಂಬುದನ್ನು ಒಬ್ಬ ಮನುಷ್ಯ ಬರೆದು ಸಹಿ ಹಾಕಬೇಕು. ಈ ನಿಯಮವಿಲ್ಲದಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುತ್ತದೆ.

ಏಜೆಂಟ್‌ಗಳು ಟೆಸ್ಟ್ ಪಾಸ್ ಮಾಡಿಸಲು ಅಡ್ಡದಾರಿ ಹಿಡಿಯುತ್ತವೆ ಎಂಬುದು ಕೇವಲ ಬಳಕೆದಾರರ ದೂರಲ್ಲ. ಆಂಥ್ರೊಪಿಕ್ 2025ರ ಫೆಬ್ರವರಿಯಲ್ಲಿ ಕ್ಲಾಡ್ 3.7 ಸಾನೆಟ್ ಮಾದರಿಯನ್ನು ಬಿಡುಗಡೆ ಮಾಡಿದಾಗ, ಅದು ಕೆಲವೊಮ್ಮೆ ಸಮಸ್ಯೆಯನ್ನು ಬಿಡಿಸುವ ಬದಲು ಆ ಟೆಸ್ಟ್‌ಗಳ ಉತ್ತರಗಳಿಗಷ್ಟೇ ಹೊಂದುವ ಕೋಡ್ ಬರೆಯುತ್ತದೆ ಎಂದು ತನ್ನದೇ ದಾಖಲೆಯಲ್ಲಿ ಒಪ್ಪಿಕೊಂಡಿತ್ತು. ನಂತರದ ಮಾದರಿಗಳಲ್ಲಿ ಇದು ಕಡಿಮೆಯಾಗಿದೆ ಎನ್ನುತ್ತಾರೆ. ಆದರೂ ನಾನು ಕೆಲವು ಟೆಸ್ಟ್‌ಗಳನ್ನು ಏಜೆಂಟ್‌ನ ಕಣ್ಣಿಗೆ ಬೀಳದ ಜಾಗದಲ್ಲಿಟ್ಟು ಸಿಐ ಪೈಪ್‌ಲೈನ್‌ನಲ್ಲಿ (ಪ್ರತಿ ಬದಲಾವಣೆಯನ್ನೂ ತಾನಾಗಿ ಪರೀಕ್ಷಿಸುವ ವ್ಯವಸ್ಥೆಯಲ್ಲಿ) ಮಾತ್ರ ಓಡಿಸುತ್ತೇನೆ.

ಶೂನ್ಯಸೂಚಕ

ಅಸರ್ಷನ್‌ಗೆಲ್ಲ ಮನುಷ್ಯರ ಸಹಿ ಬೇಕೆಂದರೆ ಎಐ ಕೊಟ್ಟ ವೇಗವೆಲ್ಲ ಸಹಿಗಾಗಿ ಕಾಯುವ ಸಾಲಿನಲ್ಲೇ ಕಳೆದುಹೋಗುತ್ತದೆ. ದಿನಕ್ಕೆ ನೂರಾರು ಬದಲಾವಣೆ ಬರುವ ಜಾಗದಲ್ಲಿ ಸಹಿ ಹಾಕುವವರು ಓದದೆಯೇ ಹಾಕುತ್ತಾರೆ, ಆಮೇಲೆ ನಿಮ್ಮ ಬಳಿ ತಪ್ಪು ಟೆಸ್ಟ್ ಮತ್ತು ಅದಕ್ಕೊಂದು ಅಧಿಕೃತ ಸಹಿ ಎರಡೂ ಇರುತ್ತವೆ.

ಬೇಲಿಗೂಟ

ನೂರಾರು ಬದಲಾವಣೆಗಳಲ್ಲಿ ನಿರೀಕ್ಷಿತ ಮೌಲ್ಯವೇ ಬದಲಾಗುವುದು ಎಷ್ಟು ಸಲ? ಹೊಸ ಟೆಸ್ಟ್ ಸೇರಿಸಲು ನಮ್ಮಲ್ಲಿ ಅಡ್ಡಿಯಿಲ್ಲ, ಇರುವ ನಿರೀಕ್ಷೆಯನ್ನು ಬದಲಿಸಲು ಮಾತ್ರ ತಡೆಯಿದೆ. ಹಣ, ಅನುಮತಿ, ಡೇಟಾ ಅಳಿಸುವಿಕೆ ಈ ಮೂರಕ್ಕೆ ಸಂಬಂಧಪಟ್ಟ ಫೋಲ್ಡರ್‌ಗಳಿಗಷ್ಟೇ ಈ ನಿಯಮ ಹಾಕಿದರೂ ಸಾಕು ಎನ್ನುವುದಾದರೆ ಅದನ್ನು ಒಪ್ಪುತ್ತೇನೆ.

ಮೂರನೇಪಾಳಿ

ನೀವೆಲ್ಲರೂ ಯೂನಿಟ್ ಟೆಸ್ಟ್‌ಗಳ ಬಗ್ಗೆಯೇ ಮಾತನಾಡುತ್ತಿದ್ದೀರಿ. ನಾನು ಮ್ಯಾನುಯಲ್ ಟೆಸ್ಟರ್. ಟೆಸ್ಟ್ ಕೇಸ್ ಹಾಳೆಯಲ್ಲಿ ಬರೆದಿರುವ ಹೆಜ್ಜೆಗಳನ್ನು ಒಂದೊಂದಾಗಿ ಮಾಡಿ, ಪಾಸ್ ಅಥವಾ ಫೇಲ್ ಎಂದು ಗುರುತು ಹಾಕುವುದು ನನ್ನ ಕೆಲಸದ ದೊಡ್ಡ ಪಾಲು. ಈಗ ಬ್ರೌಸರನ್ನು ತಾನೇ ಓಡಿಸುವ ಏಜೆಂಟ್ ಒಂದು ಅದೇ ಹಾಳೆಯನ್ನು ಓದಿ ಅದೇ ಹೆಜ್ಜೆಗಳನ್ನು ಮಾಡುತ್ತಿರುವುದನ್ನು ಡೆಮೊದಲ್ಲಿ ತೋರಿಸಿದರು. ಬ್ರೌಸರ್ ಪರೀಕ್ಷೆಯನ್ನು ಸ್ಕ್ರಿಪ್ಟ್‌ನಿಂದ ಓಡಿಸುವ ಸೆಲೆನಿಯಂ ಕಲಿಯಿರಿ ಎಂದು ಎಲ್ಲರೂ ಹೇಳುತ್ತಿದ್ದರು, ಕಲಿಯಲು ಶುರು ಮಾಡಿದ್ದೆ. ಈಗ ಅದನ್ನೂ ಎಐ ಬರೆಯುತ್ತದೆ ಎನ್ನುತ್ತಿದ್ದಾರೆ. ನಾನು ಯಾವುದರ ಕಡೆ ಹೋಗಬೇಕು ಎಂದು ಯಾರಾದರೂ ಸಮಾಧಾನದ ಮಾತು ಬಿಟ್ಟು ನಿಜ ಹೇಳುತ್ತೀರಾ?

ಶೂನ್ಯಸೂಚಕ

ನಿಜವನ್ನೇ ಕೇಳಿದ್ದೀರಿ, ಆದ್ದರಿಂದ ಹೇಳುತ್ತೇನೆ. ಬರೆದಿಟ್ಟ ಹೆಜ್ಜೆಗಳನ್ನು ಹಾಗೆಯೇ ಅನುಸರಿಸುವ ಕೆಲಸ ಉಳಿಯುವುದಿಲ್ಲ. ಅದು ಉಳಿಯಬೇಕೆಂದು ವಾದಿಸುವುದರಲ್ಲೂ ಅರ್ಥವಿಲ್ಲ.

ಗಡಿಮೌಲ್ಯ

ಶೂನ್ಯಸೂಚಕ ಅವರು ಹೇಳಿದ್ದು ಅರ್ಧ ಸರಿ. ಟೆಸ್ಟಿಂಗ್ ವಲಯದಲ್ಲಿ ಮೈಕೆಲ್ ಬೋಲ್ಟನ್ ಮತ್ತು ಜೇಮ್ಸ್ ಬಾಕ್ ಬಹಳ ಹಿಂದಿನಿಂದ "ಚೆಕಿಂಗ್" ಮತ್ತು "ಟೆಸ್ಟಿಂಗ್" ಎರಡನ್ನೂ ಬೇರೆ ಬೇರೆಯೆಂದು ವಾದಿಸುತ್ತ ಬಂದಿದ್ದಾರೆ. ಮೊದಲೇ ಗೊತ್ತಿರುವ ಉತ್ತರ ಬಂತೇ ಎಂದು ನೋಡುವುದು ಚೆಕಿಂಗ್. ಉತ್ಪನ್ನವನ್ನು ಬಳಸುತ್ತ, ಪ್ರಶ್ನಿಸುತ್ತ, ಹಾಳೆಯಲ್ಲಿ ಇಲ್ಲದ ಅಪಾಯವನ್ನು ಕಂಡುಹಿಡಿಯುವುದು ಟೆಸ್ಟಿಂಗ್. ಮೊದಲನೆಯದು ಯಂತ್ರಕ್ಕೆ ಹೋಗುತ್ತದೆ.

ಮೂರನೇಪಾಳಿ ಅವರೇ, ನಿಮ್ಮ ಬಳಿ ಇರುವ ಆಸ್ತಿ ಬೇರೆಯೇ. ಆ ಉತ್ಪನ್ನ ಎಲ್ಲಿ ಮುರಿಯುತ್ತದೆ, ಬಳಕೆದಾರರು ಯಾವ ಪರದೆಯಲ್ಲಿ ಗೊಂದಲಗೊಳ್ಳುತ್ತಾರೆ, ಯಾವ ಎರಡು ಸೌಲಭ್ಯಗಳನ್ನು ಒಟ್ಟಿಗೆ ಬಳಸಿದರೆ ಎಡವಟ್ಟಾಗುತ್ತದೆ ಎಂಬುದು ನಿಮಗೆ ತಿಳಿದಷ್ಟು ಆ ಕೋಡ್ ಬರೆದವರಿಗೂ ತಿಳಿದಿರುವುದಿಲ್ಲ. ಮೇಲಿನ ಮರುಪಾವತಿ ಬಗ್ ನೋಡಿ. ರಿಯಾಯಿತಿ ಮತ್ತು ಭಾಗಶಃ ವಾಪಸಾತಿ ಎರಡೂ ಪ್ರತ್ಯೇಕವಾಗಿ ಸರಿಯಿದ್ದು, ಸೇರಿದಾಗ ಕೆಟ್ಟವು. ಅದನ್ನು ಸ್ಪಷ್ಟ ವಾಕ್ಯಗಳಲ್ಲಿ, ಸಂಖ್ಯೆಗಳಿರುವ ಉದಾಹರಣೆಗಳೊಂದಿಗೆ ಬರೆಯುವುದನ್ನು ಕಲಿಯಿರಿ. ಜೊತೆಗೆ ಎಸ್‌ಕ್ಯೂಎಲ್ (ಡೇಟಾಬೇಸ್ ಪ್ರಶ್ನಿಸುವ ಭಾಷೆ) ಮತ್ತು ಎಪಿಐ (ತಂತ್ರಾಂಶಗಳು ಪರಸ್ಪರ ಮಾತನಾಡುವ ದಾರಿ) ಪರೀಕ್ಷೆ ಗೊತ್ತಿರಲಿ, ಎಐ ಬರೆದ ಸ್ಕ್ರಿಪ್ಟ್ ಓದಿ ತಪ್ಪು ಹಿಡಿಯುವಷ್ಟು ಕೋಡಿಂಗ್ ಬರಲಿ. ಸೆಲೆನಿಯಂ ಕಲಿತದ್ದು ವ್ಯರ್ಥವಲ್ಲ. ಬರೆಯಲು ಬಾರದಿದ್ದರೂ ಓದಲು ಬರಲೇಬೇಕು.

ಕೊನೆಯಬಿಲ್ಡ್

ಯುಐ (ಬಳಕೆದಾರರ ಪರದೆ) ಆಟೊಮೇಷನ್ ಮಾಡುವವನಾಗಿ ಇಲ್ಲಿ ಒಂದು ಎಚ್ಚರಿಕೆ ಸೇರಿಸುತ್ತೇನೆ. "ಸೆಲ್ಫ್ ಹೀಲಿಂಗ್" ಎಂಬ ಹೆಸರಿನಲ್ಲಿ ಬರುವ ಸೌಲಭ್ಯದಲ್ಲಿ, ಪುಟದ ಬಟನ್‌ನ ಐಡಿ ಬದಲಾಗಿ ಲೊಕೇಟರ್ (ಬಟನ್ ಹುಡುಕಲು ಟೆಸ್ಟ್ ಬಳಸುವ ಗುರುತು) ಮುರಿದರೆ, ಉಪಕರಣವು ಸುತ್ತಲಿನ ಪಠ್ಯ, ಸ್ಥಾನ, ಬಣ್ಣ ಇತ್ಯಾದಿಗಳನ್ನು ನೋಡಿ ಅದೇ ಬಟನ್ ಇರಬಹುದು ಎನಿಸಿದ್ದನ್ನು ಒತ್ತಿ ಮುಂದುವರಿಯುತ್ತದೆ. ಲೊಕೇಟರ್ ದುರಸ್ತಿಯಲ್ಲೇ ದಿನ ಕಳೆದವರಿಗೆ ಇದು ವರದಾನದಂತೆ ಕಾಣುತ್ತದೆ, ಮತ್ತು ಬಹುಪಾಲು ಸಂದರ್ಭಗಳಲ್ಲಿ ಅದು ಸರಿಯಾಗಿಯೇ ಊಹಿಸುತ್ತದೆ.

ನಮ್ಮಲ್ಲಿ ಒಮ್ಮೆ ನಡೆದದ್ದನ್ನು ಕೇಳಿ. ಹೊಸ ವಿನ್ಯಾಸದಲ್ಲಿ "ಕರಡು ಉಳಿಸು" ಎಂಬ ಬಟನ್ ಮೊಬೈಲ್ ಪರದೆಯಲ್ಲಿ ಕಾಣಿಸುವುದೇ ನಿಂತುಹೋಗಿತ್ತು. ಇದು ನಿಜವಾದ ಬಗ್. ಟೆಸ್ಟ್ ಆ ಬಟನ್ ಸಿಗದೆ ಫೇಲ್ ಆಗಬೇಕಾಗಿತ್ತು. ಆದರೆ ಉಪಕರಣ ಪಕ್ಕದಲ್ಲಿದ್ದ "ಉಳಿಸಿ ಪ್ರಕಟಿಸು" ಬಟನ್ನನ್ನು ಒತ್ತಿ, "ಉಳಿಸಲಾಗಿದೆ" ಎಂಬ ಸಂದೇಶವನ್ನು ಕಂಡು, ಪಾಸ್ ಎಂದು ಘೋಷಿಸಿತು. ಈಗ ನಾವು ಗುಣಪಡಿಸಿದ ಪ್ರತಿಯೊಂದು ಲೊಕೇಟರನ್ನೂ ಹಳದಿ ಗುರುತಿನೊಂದಿಗೆ ಪಟ್ಟಿ ಮಾಡಿಸುತ್ತೇವೆ. ಅದನ್ನು ಯಾರಾದರೂ ನೋಡಿ ಒಪ್ಪುವ ತನಕ ಆ ಓಟವನ್ನು ಹಸಿರೆಂದು ಪರಿಗಣಿಸುವುದಿಲ್ಲ.

ಮರುಓಟ

ಇದೇ ಬಗೆಯ ಇನ್ನೊಂದು ಕಾಟ ಫ್ಲೇಕಿ ಟೆಸ್ಟ್‌ಗಳದ್ದು, ಅಂದರೆ ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗಳದ್ದು. ತಮ್ಮ ಟೆಸ್ಟ್‌ಗಳಲ್ಲಿ ಸುಮಾರು ಶೇಕಡ 16ರಷ್ಟಕ್ಕೆ ಒಂದಿಷ್ಟಾದರೂ ಫ್ಲೇಕಿ ಗುಣವಿದೆ ಎಂದು ಗೂಗಲ್ 2016ರಲ್ಲೇ ಬರೆದಿತ್ತು, ಆದ್ದರಿಂದ ಇದಕ್ಕೆ ಎಐ ಅನ್ನು ದೂರುವಂತಿಲ್ಲ. ಆದರೆ "ಈ ಫ್ಲೇಕಿ ಟೆಸ್ಟ್ ಸರಿಮಾಡು" ಎಂದು ಹೇಳಿದರೆ ಏಜೆಂಟ್ ಮೊದಲು ಮಾಡುವುದು ಕಾಯುವ ಸಮಯವನ್ನು ಹೆಚ್ಚಿಸುವುದು, ಅಥವಾ ಮೂರು ಸಲ ಮರುಪ್ರಯತ್ನಿಸುವ ಸಾಲು ಸೇರಿಸುವುದು. ಎರಡು ಥ್ರೆಡ್‌ಗಳ (ಒಟ್ಟಿಗೆ ಓಡುವ ಕೆಲಸಗಳ) ನಡುವಿನ ನಿಜವಾದ ಪೈಪೋಟಿಯಿಂದ ಟೆಸ್ಟ್ ಎಡವುತ್ತಿದ್ದರೆ ಆ ದೋಷ ಕೋಡಿನಲ್ಲಿ ಹಾಗೆಯೇ ಉಳಿದು, ಅದನ್ನು ಆಗಾಗ ತೋರಿಸುತ್ತಿದ್ದ ಒಂದೇ ಸಾಕ್ಷಿ ಮೌನವಾಗುತ್ತದೆ.

ಒಡೆದುನೋಡು

ಇಲ್ಲಿಯ ತನಕ ಎಲ್ಲವೂ ದೂರುಗಳೇ ಆದವು. ಭದ್ರತಾ ಪರೀಕ್ಷೆಯ ಕಡೆಯಿಂದ ನೋಡಿದರೆ ಚಿತ್ರ ಬೇರೆಯೇ ಇದೆ. ಫಜಿಂಗ್‌ನಲ್ಲಿ ಪ್ರೋಗ್ರಾಂಗೆ ಲಕ್ಷಾಂತರ ವಿಚಿತ್ರ ಇನ್‌ಪುಟ್‌ಗಳನ್ನು ಕೊಟ್ಟು ಅದು ಎಲ್ಲಿ ಕುಸಿಯುತ್ತದೆ ಎಂದು ನೋಡಲಾಗುತ್ತದೆ. ಗಡಿಮೌಲ್ಯ ಅವರು ಹೇಳಿದ ಆರಕಲ್ ಸಮಸ್ಯೆ ಇಲ್ಲಿ ಬಹುತೇಕ ಇಲ್ಲ, ಏಕೆಂದರೆ ಮೆಮೊರಿಯ ಮಿತಿ ಮೀರಿ ಓದಿದ್ದು ಅಥವಾ ಪ್ರೋಗ್ರಾಂ ಕುಸಿದದ್ದು ಯಾವ ಅವಶ್ಯಕತೆಯ ಪ್ರಕಾರವೂ ಸರಿಯಲ್ಲ. ಇಲ್ಲಿ ಕಷ್ಟವಿದ್ದದ್ದು ಬೇರೆ ಕಡೆ: ಲೈಬ್ರರಿಯ ಯಾವ ಫಂಕ್ಷನ್‌ಗೆ ಇನ್‌ಪುಟ್ ಹೇಗೆ ತಲುಪಿಸಬೇಕು ಎಂಬ ಸಣ್ಣ ಪ್ರೋಗ್ರಾಂ ಅನ್ನು, ಅಂದರೆ ಫಜ್ ಟಾರ್ಗೆಟ್ ಅನ್ನು, ಯಾರಾದರೂ ಕೂತು ಬರೆಯಬೇಕಾಗಿತ್ತು.

2016ರಿಂದ ಮುಕ್ತ ತಂತ್ರಾಂಶಗಳನ್ನು ಫಜ್ ಮಾಡುತ್ತಿರುವ ಗೂಗಲ್‌ನ ಒಎಸ್‌ಎಸ್ ಫಜ್ ಯೋಜನೆ ಈ ಕೆಲಸವನ್ನು ಭಾಷಾ ಮಾದರಿಗಳಿಗೆ ಕೊಟ್ಟಿತು. ಹಾಗೆ ತಯಾರಾದ ಟಾರ್ಗೆಟ್‌ಗಳಿಂದ 26 ಹೊಸ ದೋಷಗಳು ಸಿಕ್ಕವೆಂದು 2024ರ ನವೆಂಬರ್‌ನಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂದು, ಇಂಟರ್ನೆಟ್ ಸಂಪರ್ಕಗಳನ್ನು ಗೂಢಲಿಪಿಗೆ ತಿರುಗಿಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯದ್ದು (ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ 2024-9143). ಅದು ಸುಮಾರು ಎರಡು ದಶಕಗಳಿಂದ ಆ ಕೋಡಿನಲ್ಲಿ ಇದ್ದಿರಬಹುದು ಎಂದು ಅಂದಾಜಿಸಲಾಗಿದೆ. ಜಗತ್ತಿನ ಅರ್ಧ ಇಂಟರ್ನೆಟ್ ನಂಬಿಕೊಂಡಿರುವ, ಅಷ್ಟೊಂದು ಜನ ಓದಿದ, ಅಷ್ಟೊಂದು ಫಜ್ ಆದ ಕೋಡ್ ಅದು! ಅದೇ ಸಮಯದಲ್ಲಿ ಗೂಗಲ್‌ನ ಬಿಗ್ ಸ್ಲೀಪ್ ಏಜೆಂಟ್ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಇನ್ನೂ ಅಧಿಕೃತ ರಿಲೀಸ್‌ಗೆ ಸೇರದ ಮೆಮೊರಿ ದೋಷವೊಂದನ್ನು ಹಿಡಿಯಿತು.

ಆದ್ದರಿಂದ "ಎಐ ಟೆಸ್ಟಿಂಗ್‌ನಲ್ಲಿ ಒಳ್ಳೆಯದೇ?" ಎಂದು ಒಟ್ಟಾಗಿ ಕೇಳುವುದೇ ತಪ್ಪು ಪ್ರಶ್ನೆ ಎನ್ನಿಸುತ್ತದೆ. ತೀರ್ಪು ತಾನಾಗಿಯೇ ಸಿಗುವ ಜಾಗದಲ್ಲಿ ಅದು ಅದ್ಭುತವಾಗಿದೆ. ತೀರ್ಪಿಗಾಗಿ ಯಾರದೋ ಉದ್ದೇಶವನ್ನು ತಿಳಿಯಬೇಕಾದ ಜಾಗದಲ್ಲಿ ಮಾತ್ರ ನೀವೆಲ್ಲ ಹೇಳುತ್ತಿರುವ ತೊಂದರೆ.

ಅಲ್ಪವಿರಾಮ

ಡೇಟಾ ವರ್ಗಾಯಿಸುವ ಕರ್ಲ್ ಎಂಬ ಮುಕ್ತ ತಂತ್ರಾಂಶ ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್ ಅವರನ್ನು ಕೇಳಿ ನೋಡಿ. ಎಐ ಕಲ್ಪಿಸಿದ ಸುಳ್ಳು ಭದ್ರತಾ ವರದಿಗಳ ಬಗ್ಗೆ 2024ರ ಜನವರಿಯಿಂದಲೇ ಅವರು ಬೇಸತ್ತು ಬರೆಯುತ್ತಿದ್ದಾರೆ.

ಒಡೆದುನೋಡು

ಅವರನ್ನೇ ಪೂರ್ತಿ ಕೇಳಿದರೆ ಇನ್ನೂ ಒಳ್ಳೆಯದು. ಅದೇ ಸ್ಟೆನ್‌ಬರ್ಗ್ 2025ರಲ್ಲಿ, ನುರಿತ ಸಂಶೋಧಕರೊಬ್ಬರು ಎಐ ಉಪಕರಣಗಳಿಂದ ಹುಡುಕಿ ಕಳುಹಿಸಿದ ದೋಷಗಳ ಪಟ್ಟಿಯನ್ನು ಹೊಗಳಿ, ಅದರಿಂದ ಹಲವಾರು ಬಗ್‌ಗಳನ್ನು ಸರಿಪಡಿಸಿದ್ದಾಗಿ ಹೇಳಿದರು. ಉಪಕರಣವನ್ನು ಹಿಡಿದವರು ಅದರ ಉತ್ತರವನ್ನು ತಾವೇ ಪರಿಶೀಲಿಸಿ ಕಳುಹಿಸಿದರೋ, ಬಹುಮಾನದ ಆಸೆಗೆ ನಕಲು ಮಾಡಿ ಅಂಟಿಸಿದರೋ ಎಂಬುದೇ ವ್ಯತ್ಯಾಸ. ನಮ್ಮಲ್ಲಿ ದೋಷವನ್ನು ಮತ್ತೆ ಮಾಡಿ ತೋರಿಸುವ ಇನ್‌ಪುಟ್ ಇಲ್ಲದ ವರದಿಯನ್ನು ತೆರೆಯುವುದೇ ಇಲ್ಲ.

ದಾಖಲೆಪ್ರಿಯ

ಯಂತ್ರವನ್ನಷ್ಟೇ ದೂರುವವರಿಗಾಗಿ 2024ರ ಜುಲೈ 19ರ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಅಪ್‌ಡೇಟ್ ಪ್ರಕರಣವನ್ನು ನೆನಪಿಸುತ್ತೇನೆ. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದ ಆ ಘಟನೆಯ ಮೂಲ ಕಾರಣವನ್ನು ಕಂಪನಿಯೇ ಪ್ರಕಟಿಸಿತು. ಒಂದು ಕಡೆ 21 ಇನ್‌ಪುಟ್‌ಗಳಿವೆಯೆಂದು ವ್ಯಾಖ್ಯಾನಿಸಲಾಗಿತ್ತು, ಮತ್ತೊಂದು ಕಡೆ ಕೋಡ್ ಕೊಡುತ್ತಿದ್ದದ್ದು 20 ಮಾತ್ರ. ಇದು ಪರೀಕ್ಷೆಯಲ್ಲಿ ಏಕೆ ಸಿಗಲಿಲ್ಲ ಎಂದರೆ, ಪರೀಕ್ಷೆಗೆ ಬಳಸಿದ ನಮೂನೆಗಳಲ್ಲಿ 21ನೆಯ ಜಾಗಕ್ಕೆ "ಏನಿದ್ದರೂ ಸರಿ" ಎಂಬ ವೈಲ್ಡ್‌ಕಾರ್ಡ್ ಹಾಕಲಾಗಿತ್ತು, ಹಾಗಾಗಿ ಆ ಇಲ್ಲದ ಮೌಲ್ಯವನ್ನು ಯಾರೂ ಓದಲು ಹೋಗಲೇ ಇಲ್ಲ. ಬರೆದವರ ಊಹೆಯೇ ಟೆಸ್ಟ್‌ನ ಊಹೆಯೂ ಆಗಿಬಿಟ್ಟರೆ ಹೀಗಾಗುತ್ತದೆ. ಕೋಡನ್ನೂ ಟೆಸ್ಟನ್ನೂ ಒಂದೇ ಮಾದರಿ ಒಂದೇ ಮಾತುಕತೆಯಲ್ಲಿ ಬರೆದಾಗ ಈ ಸಾಧ್ಯತೆ ಹೆಚ್ಚುತ್ತದೆಯೇ ಹೊರತು ಹೊಸದಾಗಿ ಹುಟ್ಟುವುದಿಲ್ಲ.

ಮೂರುಸಹಿ

ವಿಮಾನಗಳ ತಂತ್ರಾಂಶಕ್ಕೆ ಅನ್ವಯಿಸುವ ಡಿಒ-178ಸಿ ಮಾನದಂಡದಲ್ಲಿ ಕವರೇಜ್‌ನ ಪಾತ್ರವೇ ತಲೆಕೆಳಗು. ಅಲ್ಲಿ ಟೆಸ್ಟ್‌ಗಳು ಅವಶ್ಯಕತೆಗಳಿಂದ ಹುಟ್ಟಬೇಕು. ಅವುಗಳನ್ನು ಓಡಿಸಿದ ಮೇಲೆ ಕೋಡಿನ ಯಾವ ಭಾಗ ಮುಟ್ಟದೆ ಉಳಿಯಿತು ಎಂದು ನೋಡಲು ಕವರೇಜ್ ಅಳೆಯುತ್ತಾರೆ. ಮುಟ್ಟದೆ ಉಳಿದ ಕೋಡ್ ಸಿಕ್ಕರೆ ಒಂದೋ ಅವಶ್ಯಕತೆ ಬರೆಯುವುದು ಬಿಟ್ಟುಹೋಗಿದೆ, ಅಥವಾ ಟೆಸ್ಟ್ ಬಿಟ್ಟುಹೋಗಿದೆ, ಅಥವಾ ಆ ಕೋಡೇ ಬೇಡದ್ದು. ಕವರೇಜ್ ಅಲ್ಲಿ ಪ್ರಶ್ನೆ ಹುಟ್ಟಿಸುತ್ತದೆ. ಕೋಡ್ ನೋಡಿ ಟೆಸ್ಟ್ ಬರೆಸಿ ಆ ಸಂಖ್ಯೆಯನ್ನು ತುಂಬಿಸಿದರೆ ಕೇಳಬೇಕಾಗಿದ್ದ ಪ್ರಶ್ನೆಯನ್ನೇ ಅಳಿಸಿದಂತಾಗುತ್ತದೆ. ನಿಮ್ಮ ಮ್ಯಾನೇಜರ್‌ಗೆ ತೋರಿಸಲು ಇದು ಅನುಕೂಲವಾಗಬಹುದು.

ಹಸಿರುಗುರುತು

ಇದನ್ನು ಖಂಡಿತ ತೋರಿಸುತ್ತೇನೆ. ಗಡಿಮೌಲ್ಯ ಅವರ ಕ್ರಮವನ್ನು ಮರುಪಾವತಿ ಭಾಗದ ಮೇಲೆ ಪ್ರಯತ್ನಿಸಿದೆ. ಕೋಡ್ ತೋರಿಸದೆ ಅವಶ್ಯಕತೆಯ ಪಠ್ಯ ಮಾತ್ರ ಕೊಟ್ಟಾಗ ಟೆಸ್ಟ್‌ಗಿಂತ ಮೊದಲು ಮಾದರಿ ಪ್ರಶ್ನೆಗಳನ್ನೇ ಕೇಳತೊಡಗಿತು. ರಿಯಾಯಿತಿಯನ್ನು ವಸ್ತುಗಳ ಬೆಲೆಗೆ ಅನುಗುಣವಾಗಿ ಹಂಚಬೇಕೋ ಸಮವಾಗಿಯೋ, ಹಂಚಿದಾಗ ಉಳಿಯುವ ಕೊನೆಯ ಪೈಸೆ ಯಾವ ವಸ್ತುವಿಗೆ ಸೇರಬೇಕು, ಒಂದನ್ನು ಹಿಂದಿರುಗಿಸಿದ ಮೇಲೆ ಉಳಿದ ಮೊತ್ತ ರಿಯಾಯಿತಿಯ ಮಿತಿಗಿಂತ ಕೆಳಗಿಳಿದರೆ ಏನು ಮಾಡಬೇಕು ಎಂದು ಕೇಳಿತು. ಅವಶ್ಯಕತೆ ಬರೆದವರ ಬಳಿ ಕೊನೆಯ ಎರಡಕ್ಕೆ ಉತ್ತರವಿರಲಿಲ್ಲ.

ಶೂನ್ಯಸೂಚಕ

ಹಾಗಾದರೆ ಅದನ್ನು ಕೋಡ್ ಬರೆದ ಡೆವಲಪರ್ ತಾನೇ ಊಹಿಸಿಕೊಂಡಿದ್ದ ಎಂದಾಯಿತು. ಈ ಒಂದು ಉಪಯೋಗಕ್ಕೆ ನಾನು ಸಂಪೂರ್ಣ ಒಪ್ಪುತ್ತೇನೆ: ಟೆಸ್ಟ್ ಬರೆಯುವ ಯಂತ್ರಕ್ಕಿಂತ ಅವಶ್ಯಕತೆಯಲ್ಲಿನ ತೂತುಗಳನ್ನು ತೋರಿಸುವ ಯಂತ್ರ ನಮಗೂ ಹೆಚ್ಚು ಬೇಕು.

ಸಂಭವನೀಯ

ಎಐ ಬಳಸಿ ಪರೀಕ್ಷಿಸುವುದನ್ನು ಮಾತ್ರ ಚರ್ಚಿಸುತ್ತಿದ್ದೀರಿ. ಉತ್ಪನ್ನದೊಳಗೇ ಎಐ ಇದ್ದರೆ ಅದನ್ನು ಪರೀಕ್ಷಿಸುವುದು ಹೇಗೆ? ನಾವು ಗ್ರಾಹಕರ ಪ್ರಶ್ನೆಗಳಿಗೆ ಉತ್ತರಿಸುವ ಸಹಾಯಕವೊಂದನ್ನು ಪರೀಕ್ಷಿಸುತ್ತಿದ್ದೇವೆ. ಒಂದೇ ಪ್ರಶ್ನೆಗೆ ಎರಡು ಸಲ ಎರಡು ಬಗೆಯ ವಾಕ್ಯಗಳು ಬರುತ್ತವೆ, ಎರಡೂ ಸರಿಯಿರಬಹುದು. ಅಕ್ಷರಕ್ಕೆ ಅಕ್ಷರ ಹೋಲಿಸುವ ಅಸರ್ಷನ್ ಇಲ್ಲಿ ಉಪಯೋಗಕ್ಕೆ ಬಾರದು.

ನಮಗೆ ಸಹಾಯಕ್ಕೆ ಬಂದದ್ದು ಟಿ. ವೈ. ಚೆನ್ 1998ರಲ್ಲಿ ಮುಂದಿಟ್ಟ ಮೆಟಮಾರ್ಫಿಕ್ ಟೆಸ್ಟಿಂಗ್. ಸರಿಯುತ್ತರ ಗೊತ್ತಿಲ್ಲದಿದ್ದರೂ ಎರಡು ಉತ್ತರಗಳ ನಡುವಿನ ಸಂಬಂಧ ಗೊತ್ತಿರುತ್ತದೆ. ಪ್ರಶ್ನೆಯ ಪದಗಳನ್ನು ಬದಲಿಸಿ ಅರ್ಥವನ್ನು ಉಳಿಸಿಕೊಂಡರೆ ನಿರ್ಧಾರ ಬದಲಾಗಬಾರದು. ಗ್ರಾಹಕರ ಹೆಸರನ್ನು ಬದಲಿಸಿದರೆ ಸಾಲದ ಅರ್ಹತೆ ಬದಲಾಗಬಾರದು. ಇನ್ನೊಂದು ಮಾದರಿಯಿಂದಲೇ ಅಂಕ ಹಾಕಿಸುವ ಪದ್ಧತಿಯೂ ಇದೆ. ಆದರೆ ಅಂಥ ತೀರ್ಪುಗಾರ ಮಾದರಿಗಳು ಮೊದಲು ತೋರಿಸಿದ ಉತ್ತರದ ಕಡೆಗೆ, ಉದ್ದದ ಉತ್ತರದ ಕಡೆಗೆ, ತಮ್ಮದೇ ಶೈಲಿಯ ಉತ್ತರದ ಕಡೆಗೆ ವಾಲಬಹುದೆಂದು 2023ರ ಅಧ್ಯಯನವೊಂದು ತೋರಿಸಿದೆ. ಅದಕ್ಕಾಗಿ ನಾವು ಉತ್ತರಗಳ ಕ್ರಮವನ್ನು ಅದಲುಬದಲು ಮಾಡಿ ಎರಡು ಸಲ ಕೇಳುತ್ತೇವೆ, ಮತ್ತು ಒಂದು ಪಾಲನ್ನು ಮನುಷ್ಯರಿಂದಲೂ ಅಂಕ ಹಾಕಿಸಿ ಹೋಲಿಸುತ್ತೇವೆ.

ಕೊನೆಯಬಿಲ್ಡ್

ಪರೀಕ್ಷಾ ದತ್ತಾಂಶದ ಬಗ್ಗೆಯೂ ಒಂದು ಮಾತು. ಎಐಗೆ "ಬಳಕೆದಾರರ ಹೆಸರುಗಳನ್ನು ಕೊಡು" ಎಂದರೆ ಅದು ರೋಮನ್ ಅಕ್ಷರದ, ಎರಡೇ ಪದಗಳ ಹೆಸರುಗಳನ್ನು ಸಾಲಾಗಿ ಕೊಡುತ್ತದೆ. ಒತ್ತಕ್ಷರಗಳಿರುವ ಹೆಸರು, ಬಲದಿಂದ ಎಡಕ್ಕೆ ಬರೆಯುವ ಅರಬ್ಬಿ ಹೆಸರು, ಒಂದೇ ಪದದ ಹೆಸರು ಇವನ್ನೆಲ್ಲ ಬಿಡಿಸಿ ಹೇಳಿದರೆ ಮಾತ್ರ ಬರುತ್ತವೆ. ಹೇಳಿದ ಮೇಲೆ ಚೆನ್ನಾಗಿಯೇ ಕೊಡುತ್ತದೆ. ಯೂನಿಕೋಡ್‌ನಲ್ಲಿ "ಕ್ಷ" ಮೂರು ಸಂಕೇತಗಳಾಗುವುದರಿಂದ ಹೆಸರಿನ ಉದ್ದದ ಮಿತಿ ಎಲ್ಲಿ ತಪ್ಪಬಹುದು ಎಂಬುದನ್ನು ಅದೇ ವಿವರಿಸಿತು.

ಹಸಿರುಗುರುತು

ಮರುಓಟ ಅವರೇ, ಮ್ಯುಟೇಷನ್ ಟೆಸ್ಟಿಂಗ್ ಪ್ರಯತ್ನಿಸಲು ಹೊರಟೆ. ಇಡೀ ಪ್ರಾಜೆಕ್ಟ್ ಮೇಲೆ ಓಡಿಸಿದರೆ ರಾತ್ರಿಯೆಲ್ಲ ಮುಗಿಯುವಂತೆ ಕಾಣುತ್ತಿಲ್ಲ. ಇದನ್ನು ದಿನನಿತ್ಯ ಬಳಸುವುದು ಸಾಧ್ಯವೇ?

ಮರುಓಟ

ಇಡೀ ಪ್ರಾಜೆಕ್ಟ್ ಮೇಲೆ ಓಡಿಸಬೇಡಿ. ಗೂಗಲ್ 2018ರಲ್ಲಿ ವಿವರಿಸಿದ ಕ್ರಮದಲ್ಲಿ, ಕೋಡ್ ರಿವ್ಯೂಗೆ ಬಂದ ಬದಲಾವಣೆಯ ಸಾಲುಗಳಲ್ಲಿ, ಅದರಲ್ಲೂ ಟೆಸ್ಟ್ ಮುಟ್ಟಿದ ಸಾಲುಗಳಲ್ಲಿ ಮಾತ್ರ, ಸಾಲಿಗೆ ಹೆಚ್ಚೆಂದರೆ ಒಂದು ಮ್ಯುಟೆಂಟ್ (ಬೇಕೆಂದೇ ತಪ್ಪು ಸೇರಿಸಿದ ಆವೃತ್ತಿ) ಮಾಡುತ್ತಾರೆ. ಲಾಗ್ ಬರೆಯುವಂಥ ಅಮುಖ್ಯ ಸಾಲುಗಳನ್ನು ಬಿಟ್ಟುಬಿಡುತ್ತಾರೆ. ಯಾವ ಟೆಸ್ಟೂ ಹಿಡಿಯದೆ ಬದುಕುಳಿದ ಮ್ಯುಟೆಂಟ್ ರಿವ್ಯೂನಲ್ಲಿ ಒಂದು ಟಿಪ್ಪಣಿಯಾಗಿ ಕಾಣಿಸುತ್ತದೆ, ಅಷ್ಟೇ. ಅದನ್ನು ಕೊಲ್ಲುವ, ಅಂದರೆ ಆ ತಪ್ಪನ್ನು ಹಿಡಿಯುವ, ಟೆಸ್ಟ್ ಬರೆಯಲು ಎಐಗೆ ಹೇಳಿ. ಗುರಿ ಇಷ್ಟು ಖಚಿತವಾಗಿದ್ದಾಗ ಅದು ಚೆನ್ನಾಗಿ ಬರೆಯುತ್ತದೆ.

ಶೂನ್ಯಸೂಚಕ

ಬದಲಿಸಿದರೂ ವರ್ತನೆ ಬದಲಾಗದ ಮ್ಯುಟೆಂಟ್‌ಗಳನ್ನು ಏನು ಮಾಡುತ್ತೀರಿ? ಅವುಗಳನ್ನು ಕೊಲ್ಲುವ ಟೆಸ್ಟ್ ಇರಲು ಸಾಧ್ಯವೇ ಇಲ್ಲ, ಏಜೆಂಟ್ ಮಾತ್ರ ಸುಮ್ಮನೆ ಸುತ್ತುತ್ತಿರುತ್ತದೆ.

ಮರುಓಟ

ಅವು ಸಮಾನ ಮ್ಯುಟೆಂಟ್‌ಗಳು, ಮತ್ತು ಎರಡು ಪ್ರೋಗ್ರಾಂಗಳು ಸಮಾನವೇ ಎಂದು ಎಲ್ಲ ಸಂದರ್ಭದಲ್ಲೂ ನಿರ್ಧರಿಸುವ ಯಾಂತ್ರಿಕ ವಿಧಾನ ಇಲ್ಲ. ನಾವು ಎರಡು ಪ್ರಯತ್ನದ ಮಿತಿ ಹಾಕಿದ್ದೇವೆ. ಅಷ್ಟರಲ್ಲಿ ಟೆಸ್ಟ್ ಸಿಗದಿದ್ದರೆ, ಇದು ಸಮಾನವೆಂದು ಏಕೆ ಅನಿಸುತ್ತದೆ ಎಂದು ಮಾದರಿ ಬರೆದು ಕೊಡಬೇಕು, ರಿವ್ಯೂ ಮಾಡುವವರು ಅದನ್ನು ಓದಿ ಮುಚ್ಚುತ್ತಾರೆ. ಆ ಕೆಲಸವನ್ನು ಸದ್ಯ ನಮ್ಮಲ್ಲಿ ಮೊದಲು ಮ್ಯಾನುಯಲ್ ಟೆಸ್ಟಿಂಗ್‌ನಲ್ಲಿದ್ದ ಇಬ್ಬರು ಮಾಡುತ್ತಿದ್ದಾರೆ. ಮೂರನೇಪಾಳಿ ಅವರೇ, ಬೇಕಿದ್ದರೆ ಅವರು ಬಳಸುವ ಪರಿಶೀಲನಾ ಪಟ್ಟಿಯನ್ನು ಇಲ್ಲೇ ಹಾಕುತ್ತೇನೆ.

ಮೂರನೇಪಾಳಿ

ದಯವಿಟ್ಟು ಹಾಕಿ. ಸಮಾನವೆಂದು ಮಾದರಿ ಹೇಳಿ, ಆಮೇಲೆ ಸಮಾನವಲ್ಲವೆಂದು ಅವರು ತೋರಿಸಿಕೊಟ್ಟ ಉದಾಹರಣೆಗಳಿದ್ದರೆ ಅವನ್ನೂ ಸೇರಿಸಿ.